ದತ್ತಸಂಚಯ ಸಂಪರ್ಕ ಚಾಲಕ

ದತ್ತಸಂಚಯ ಸಂಪರ್ಕ ಚಾಲಕ ಅಥವಾ ಡೇಟಾಬೇಸ್ ಡ್ರೈವರ್ ಎಂಬುದು ಒಂದು ಆನ್ವಯಿಕ ತಂತ್ರಾಂಶಕ್ಕೂ ಅದು ಬಳಸುವ ದತ್ತಸಂಚಯಕ್ಕೂ ನಡುವೆ ನಿಂತು ಪ್ರಶ್ನೆಗಳನ್ನು ಅತ್ತ, ಉತ್ತರಗಳನ್ನು ಇತ್ತ ಸಾಗಿಸುವ ತಂತ್ರಾಂಶದ ಘಟಕವಾಗಿದೆ. ಒಡಿಬಿಸಿ, ಜೆಡಿಬಿಸಿ ಮತ್ತು ಎಡಿಒ ಡಾಟ್ ನೆಟ್ ಇವು ಇಂತಹ ಚಾಲಕಗಳಿಗಾಗಿ ರೂಪಿಸಲಾದ ಪ್ರಮುಖ ಮಾನಕಗಳು. ಬೇರೆ ಬೇರೆ ದತ್ತಸಂಚಯಗಳಲ್ಲಿರುವ ಮಾಹಿತಿಯನ್ನು ಒಂದೆಡೆ ಹೊಂದಿಸಿ ಬಳಸುವ ಕಾರ್ಯವನ್ನು ದತ್ತಾಂಶ ಏಕೀಕರಣ ಎನ್ನುತ್ತಾರೆ. ಏಕೀಕರಣದ ಮೊದಲ ಹೆಜ್ಜೆ ಚಾಲಕವೇ ಆದರೂ ಎರಡೂ ಒಂದೇ ಅಲ್ಲ. ಚಾಲಕವು ಸಾಲುಗಳನ್ನು ಸುರಕ್ಷಿತವಾಗಿ ತಲುಪಿಸುತ್ತದೆ. ಆ ಸಾಲುಗಳ ಅರ್ಥ ಎರಡೂ ಕಡೆ ಒಂದೇ ಆಗಿದೆಯೇ ಎಂಬುದನ್ನು ಅದು ನೋಡುವುದಿಲ್ಲ. ಕರ್ನಾಟಕದಲ್ಲಿ ಪಹಣಿ, ನೋಂದಣಿ, ಬೆಳೆ ಸಮೀಕ್ಷೆ ಮತ್ತು ಬೆಳೆ ವಿಮೆಯ ದತ್ತಸಂಚಯಗಳು ಪರಸ್ಪರ ಜೋಡಣೆಗೊಂಡಿರುವುದರಿಂದ ಈ ವ್ಯತ್ಯಾಸವು ತಂತ್ರಾಂಶ ಅಭಿವೃದ್ಧಿಕಾರರಿಗೆ ಮಾತ್ರವಲ್ಲದೆ ಸಾಗರ, ಹೊಸನಗರ, ತೀರ್ಥಹಳ್ಳಿಯಂತಹ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೂ ಸಂಬಂಧಿಸಿದ ವಿಷಯವಾಗಿದೆ.

ಹೆಸರು

ಗಣಕ ವಿಜ್ಞಾನದ ಬರಹಗಳಲ್ಲಿ ‘ಡ್ರೈವರ್’ ಪದಕ್ಕೆ ‘ಚಾಲಕ’ ಎಂಬ ರೂಪವನ್ನು ಬಳಸಲಾಗುತ್ತದೆ. ಕನ್ನಡದಲ್ಲಿ ಚಾಲಕ ಎಂದೊಡನೆ ವಾಹನ ನಡೆಸುವವನ ನೆನಪಾಗುವುದು ಸಹಜ. ಆದರೆ ಈ ಘಟಕದ ಕೆಲಸ ದುಭಾಷಿಯ ಕೆಲಸಕ್ಕೆ ಹೆಚ್ಚು ಹತ್ತಿರವಾದುದು. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಮೊದಲಾದ ಪ್ರತಿಯೊಂದು ದತ್ತಸಂಚಯವೂ ಜಾಲದ ಮೂಲಕ ಮಾತನಾಡಲು ತನ್ನದೇ ಆದ ಸಂವಹನ ಕ್ರಮವನ್ನು ಹೊಂದಿದೆ. ತಂತ್ರಾಂಶ ಬರೆಯುವವರು ಈ ಎಲ್ಲ ಕ್ರಮಗಳನ್ನೂ ಕಲಿಯಬೇಕಾಗಿಲ್ಲ. ಒಂದೇ ಬಗೆಯ ಕರೆಗಳನ್ನು ಬರೆದರೆ ಸಾಕು, ಅವುಗಳನ್ನು ಆಯಾ ದತ್ತಸಂಚಯದ ಭಾಷೆಗೆ ತಿರುಗಿಸುವ ಹೊಣೆ ಚಾಲಕದ್ದು.

ಇತಿಹಾಸ

ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ದತ್ತಾಂಶ ಮಾದರಿಯನ್ನು ಮಂಡಿಸಿದರು. ಅದರ ಆಧಾರದ ಮೇಲೆ ಬೆಳೆದ ಎಸ್‌ಕ್ಯೂಎಲ್ ಭಾಷೆ 1986ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಭಾಷೆ ಒಂದೇ ಆದರೂ ಅದನ್ನು ದತ್ತಸಂಚಯಕ್ಕೆ ತಲುಪಿಸುವ ದಾರಿ ಒಂದೇ ಆಗಿರಲಿಲ್ಲ. ಪ್ರತಿ ತಯಾರಕರೂ ತಮ್ಮದೇ ಗ್ರಂಥಾಲಯವನ್ನು ನೀಡುತ್ತಿದ್ದುದರಿಂದ, ಒಂದು ದತ್ತಸಂಚಯಕ್ಕಾಗಿ ಬರೆದ ತಂತ್ರಾಂಶವನ್ನು ಇನ್ನೊಂದಕ್ಕೆ ಒಗ್ಗಿಸಲು ಬಹುಭಾಗವನ್ನು ಮತ್ತೆ ಬರೆಯಬೇಕಾಗುತ್ತಿತ್ತು.

ಈ ತೊಡಕನ್ನು ನಿವಾರಿಸಲು ತಯಾರಕರ ಒಕ್ಕೂಟವಾದ ಎಸ್‌ಕ್ಯೂಎಲ್ ಆಕ್ಸೆಸ್ ಗ್ರೂಪ್ ಒಂದು ಸಾಮಾನ್ಯ ಕರೆಗಳ ಕ್ರಮವನ್ನು ರೂಪಿಸತೊಡಗಿತು. ಅದನ್ನು ಆಧರಿಸಿ ಮೈಕ್ರೋಸಾಫ್ಟ್ 1992ರಲ್ಲಿ ಒಡಿಬಿಸಿಯ ಮೊದಲ ಆವೃತ್ತಿಯನ್ನು ಹೊರತಂದಿತು. ಇದೇ ಕ್ರಮವು 1995ರಲ್ಲಿ ಅಂತಾರಾಷ್ಟ್ರೀಯ ಎಸ್‌ಕ್ಯೂಎಲ್ ಮಾನಕದ ಒಂದು ಭಾಗವಾಗಿ ಅಂಗೀಕೃತವಾಯಿತು. ವಿಂಡೋಸ್‌ಗಾಗಿ ಹುಟ್ಟಿದ ಒಡಿಬಿಸಿ ನಂತರ ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಿಗೂ ಹರಡಿತು. ಸನ್ ಮೈಕ್ರೋಸಿಸ್ಟಮ್ಸ್ 1997ರಲ್ಲಿ ಜಾವಾ ಭಾಷೆಯ ಜೊತೆಗೆ ಜೆಡಿಬಿಸಿಯನ್ನು ನೀಡಿತು. ಪೈಥಾನ್ ಸಮುದಾಯವು 1999ರಲ್ಲಿ ತನ್ನ ದತ್ತಸಂಚಯ ಸಂಪರ್ಕ ಮಾನಕದ ಎರಡನೆಯ ಆವೃತ್ತಿಯನ್ನು ನಿರೂಪಿಸಿತು. ಎಡಿಒ ಡಾಟ್ ನೆಟ್ 2002ರಲ್ಲಿ ಬಂತು.

ಕಾರ್ಯವಿಧಾನ

ಒಡಿಬಿಸಿ ವ್ಯವಸ್ಥೆಯಲ್ಲಿ ನಾಲ್ಕು ಪದರಗಳಿರುತ್ತವೆ. ಮೇಲೆ ಆನ್ವಯಿಕ ತಂತ್ರಾಂಶ, ಅದರ ಕೆಳಗೆ ಚಾಲಕ ನಿರ್ವಾಹಕ, ಅದರ ಕೆಳಗೆ ಚಾಲಕ, ಕೊನೆಯಲ್ಲಿ ದತ್ತಸಂಚಯ. ತಂತ್ರಾಂಶವು ಮೊದಲು ಸಂಪರ್ಕ ಪಂಕ್ತಿಯನ್ನು ಒದಗಿಸುತ್ತದೆ. ಯಾವ ಗಣಕ, ಯಾವ ದತ್ತಸಂಚಯ, ಯಾವ ಬಳಕೆದಾರ, ಯಾವ ಗುಪ್ತಪದ ಎಂಬ ವಿವರಗಳು ಅದರಲ್ಲಿರುತ್ತವೆ. ಅದನ್ನು ಓದಿದ ನಿರ್ವಾಹಕವು ಸೂಕ್ತ ಚಾಲಕವನ್ನು ಸ್ಮೃತಿಗೆ ತರುತ್ತದೆ. ಚಾಲಕವು ದತ್ತಸಂಚಯದೊಡನೆ ಸಂಪರ್ಕ ಸಾಧಿಸಿ, ಎಸ್‌ಕ್ಯೂಎಲ್ ವಾಕ್ಯವನ್ನು ಕಳುಹಿಸಿ, ಹಿಂದಿರುಗಿದ ಸಾಲುಗಳನ್ನು ಒಂದೊಂದಾಗಿ ಒಪ್ಪಿಸುತ್ತದೆ.

ಈ ಒಪ್ಪಿಸುವಿಕೆಯಲ್ಲಿ ಹೊರಗೆ ಕಾಣದ ಒಂದು ಮುಖ್ಯ ಕೆಲಸ ನಡೆಯುತ್ತದೆ, ಅದು ದತ್ತಾಂಶದ ಪ್ರಕಾರಗಳ ಪರಿವರ್ತನೆ. ದತ್ತಸಂಚಯದಲ್ಲಿ ದಿನಾಂಕ, ದಶಮಾಂಶ ಸಂಖ್ಯೆ, ಪಠ್ಯ ಎಂದು ಇರುವುದನ್ನು ಕಾರ್ಯಕ್ರಮ ಭಾಷೆಯಲ್ಲಿರುವ ಪ್ರಕಾರಗಳಿಗೆ ಚಾಲಕವು ಹೊಂದಿಸುತ್ತದೆ. ನಿಖರ ದಶಮಾಂಶವನ್ನು ತೇಲುಬಿಂದು ಸಂಖ್ಯೆಯಾಗಿ ಪಡೆದರೆ ಪೈಸೆಯ ಲೆಕ್ಕ ತಪ್ಪಬಹುದು. ಬೆಲೆಯೇ ಇಲ್ಲದ ಶೂನ್ಯಸ್ಥಿತಿಯನ್ನು, ಅಂದರೆ ‘ನಲ್’ ಅನ್ನು, ಸೊನ್ನೆಯೆಂದು ಓದಿದರೆ ‘ಅಳತೆಯಾಗಿಲ್ಲ’ ಎಂಬ ಮಾಹಿತಿ ‘ಜಮೀನೇ ಇಲ್ಲ’ ಎಂದಾಗಿ ಬದಲಾಗುತ್ತದೆ.

ಸಂಪರ್ಕ ಸ್ಥಾಪನೆಗೆ ಸಮಯ ತಗಲುವುದರಿಂದ ಪ್ರತಿ ಪ್ರಶ್ನೆಗೂ ಹೊಸ ಸಂಪರ್ಕ ತೆರೆಯದೆ, ಮೊದಲೇ ತೆರೆದಿಟ್ಟ ಕೆಲವು ಸಂಪರ್ಕಗಳನ್ನು ಸರದಿಯಂತೆ ಬಳಸುವ ಪದ್ಧತಿ ಇದೆ. ಇದನ್ನು ಸಂಪರ್ಕ ಸಂಗ್ರಹ ಎನ್ನುತ್ತಾರೆ. ಬಳಸಿದ ಸಂಪರ್ಕವನ್ನು ಹಿಂದಿರುಗಿಸಲು ಮರೆತ ತಂತ್ರಾಂಶವು ಕೆಲಹೊತ್ತಿನಲ್ಲೇ ಸಂಗ್ರಹವನ್ನೆಲ್ಲ ಬರಿದು ಮಾಡಿ ಸ್ತಬ್ಧವಾಗುತ್ತದೆ. ‘ಸರ್ವರ್ ನಿಧಾನವಾಗಿದೆ’ ಎಂಬ ದೂರುಗಳ ಹಿಂದೆ ಅನೇಕ ವೇಳೆ ಇಂತಹ ಸೋರಿಕೆ ಇರುತ್ತದೆ.

ಜೆಡಿಬಿಸಿ ಚಾಲಕಗಳನ್ನು ರಚನೆಯ ಆಧಾರದ ಮೇಲೆ ನಾಲ್ಕು ವಿಧಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಒಡಿಬಿಸಿಯನ್ನೇ ಬಳಸುವ ಸೇತುವೆ; ಇದನ್ನು ಜಾವಾದ 8ನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು. ಎರಡನೆಯದು ತಯಾರಕರ ಸ್ಥಳೀಯ ಗ್ರಂಥಾಲಯವನ್ನು ಅವಲಂಬಿಸುವಂಥದು, ಮೂರನೆಯದು ನಡುವೆ ಒಂದು ಮಧ್ಯವರ್ತಿ ಸರ್ವರ್ ಇರುವಂಥದು. ನಾಲ್ಕನೆಯ ವಿಧವು ಪೂರ್ಣವಾಗಿ ಜಾವಾದಲ್ಲೇ ಬರೆಯಲ್ಪಟ್ಟು ದತ್ತಸಂಚಯದೊಡನೆ ನೇರವಾಗಿ ಸಂವಹಿಸುತ್ತದೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು ಇದೇ.

ಕನ್ನಡ ಲಿಪಿ ಮತ್ತು ಚಾಲಕ

ಕನ್ನಡ ಪಠ್ಯವನ್ನು ಸಾಗಿಸುವಾಗ ಚಾಲಕದ ಸಂಕೇತೀಕರಣ ವ್ಯವಸ್ಥೆ ನಿರ್ಣಾಯಕವಾಗುತ್ತದೆ. ಕರ್ನಾಟಕದಲ್ಲಿ ಗಣಕೀಕರಣ ಆರಂಭವಾದ ಕಾಲದಲ್ಲಿ ಕನ್ನಡ ದತ್ತಾಂಶವನ್ನು ಭಾರತೀಯ ಮಾನಕವಾದ ಇಸ್ಕಿಯಲ್ಲೋ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲೋ ಸಂಗ್ರಹಿಸಲಾಗುತ್ತಿತ್ತು. ಫಾಂಟ್ ಆಧಾರಿತ ಪದ್ಧತಿಯಲ್ಲಿ ದತ್ತಸಂಚಯಕ್ಕೆ ತಲುಪುವುದು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳು. ತೆರೆಯ ಮೇಲೆ ಫಾಂಟ್ ಅವುಗಳಿಗೆ ಕನ್ನಡದ ಆಕಾರ ಕೊಡುತ್ತದೆ. ಚಾಲಕಕ್ಕೆ ಅದು ಕನ್ನಡವೆಂದು ತಿಳಿಯುವ ದಾರಿಯೇ ಇಲ್ಲ. ಹಳೆಯ ದಾಖಲೆಗಳನ್ನು ಯುನಿಕೋಡ್ ದತ್ತಸಂಚಯಕ್ಕೆ ಸಾಗಿಸುವಾಗ ಪ್ರತ್ಯೇಕ ಪರಿವರ್ತಕ ಅಗತ್ಯವಾಗುವುದು ಈ ಕಾರಣದಿಂದ.

ಯುನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ ಯುಟಿಎಫ್-8 ಕ್ರಮದಲ್ಲಿ 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ‘ಸಾಗರ’ ಎಂಬ ಪದದಲ್ಲಿ ಸ, ಆಕಾರದ ಚಿಹ್ನೆ, ಗ, ರ ಎಂಬ 4 ಸಂಕೇತಬಿಂದುಗಳಿವೆ. ಅದಕ್ಕೆ 12 ಬೈಟ್ ಬೇಕು. ‘ಹೊಸನಗರ’ ಪದಕ್ಕೆ 18 ಬೈಟ್, ‘ತೀರ್ಥಹಳ್ಳಿ’ ಪದಕ್ಕೆ 30 ಬೈಟ್ ಬೇಕು. ತಾಲ್ಲೂಕಿನ ಹೆಸರಿಗೆ 20 ಬೈಟ್ ಸಾಕೆಂದು ರೋಮನ್ ಲಿಪಿಯ ಲೆಕ್ಕದಲ್ಲಿ ನಿಗದಿಪಡಿಸಿ, ಬೈಟ್ ಎಣಿಸಿ ಕತ್ತರಿಸುವ ವ್ಯವಸ್ಥೆಯಲ್ಲಿ ಮೊದಲ ಎರಡು ಹೆಸರುಗಳು ಉಳಿಯುತ್ತವೆ; ಮೂರನೆಯದು ‘ತೀರ್ಥಹ’ ಎಂಬಲ್ಲಿ ತುಂಡಾಗಿ, ಅದರ ಹಿಂದೆ ಅರ್ಥವಿಲ್ಲದ 2 ಬೈಟ್‌ಗಳು ಉಳಿದುಬಿಡುತ್ತವೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣುವಂಥದಲ್ಲ. ‘ಹೊ’ ಎಂಬುದರ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತಬಿಂದುವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ‘ತೀ’ ಎಂಬುದರ ದೀರ್ಘಕ್ಕೂ ಇಂತಹ ಎರಡು ರೂಪಗಳಿವೆ. ತೆರೆಯ ಮೇಲೆ ಎರಡೂ ಒಂದೇ. ಆದರೆ ಒಂದು ದತ್ತಸಂಚಯದ ‘ಹೊಸನಗರ’ದಲ್ಲಿ 6 ಬಿಂದುಗಳೂ ಇನ್ನೊಂದರ ‘ಹೊಸನಗರ’ದಲ್ಲಿ 7 ಬಿಂದುಗಳೂ ಇದ್ದರೆ, ಸಂಕೇತಗಳನ್ನು ನೇರವಾಗಿ ಹೋಲಿಸುವ ವ್ಯವಸ್ಥೆಯಲ್ಲಿ ಅವು ಬೇರೆ ಬೇರೆ ಊರುಗಳಾಗುತ್ತವೆ. ಮೂರು ತಾಲ್ಲೂಕುಗಳಲ್ಲಿ ಈ ತೊಂದರೆಯಿಂದ ಪಾರಾಗುವ ಹೆಸರು ‘ಸಾಗರ’ ಒಂದೇ. ಹೋಲಿಕೆಗೆ ಮುನ್ನ ಎಲ್ಲ ಪಠ್ಯವನ್ನೂ ಯುನಿಕೋಡ್ ನಿಗದಿಪಡಿಸಿದ ಏಕರೂಪಕ್ಕೆ ತರುವುದು ಇದಕ್ಕೆ ಪರಿಹಾರ. ‘ನ್‌’ನಂತಹ ಅರ್ಧಾಕ್ಷರಗಳ ಬಳಿ ಸೇರಿಕೊಳ್ಳುವ ಅದೃಶ್ಯ ಚಿಹ್ನೆಗಳನ್ನೂ ಆಗಲೇ ಗಮನಿಸಬೇಕಾಗುತ್ತದೆ.

ಎಸ್‌ಕ್ಯೂಎಲ್ ಸರ್ವರ್‌ನಂತಹ ದತ್ತಸಂಚಯದಲ್ಲಿ ಯುನಿಕೋಡ್ ಅಲ್ಲದ ಪಠ್ಯ ಪ್ರಕಾರವನ್ನು ಬಳಸಿ ಕನ್ನಡವನ್ನು ಸೇರಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಕಾಣುವಿಕೆಯ ದೋಷವಾಗಿದ್ದರೆ ಫಾಂಟ್ ಬದಲಿಸಿ ಸರಿಪಡಿಸಬಹುದಿತ್ತು. ಇಲ್ಲಿ ಮೂಲ ಅಕ್ಷರಗಳೇ ನಷ್ಟವಾಗಿರುತ್ತವೆ.

ದತ್ತಾಂಶ ಏಕೀಕರಣದ ಕ್ರಮಗಳು

ಎರಡು ದತ್ತಸಂಚಯಗಳನ್ನು ಜೋಡಿಸಲು ಹಲವು ಮಾರ್ಗಗಳಿವೆ. ಮೂಲದಿಂದ ಮಾಹಿತಿಯನ್ನು ಹೊರತೆಗೆದು, ಬೇಕಾದಂತೆ ರೂಪಾಂತರಿಸಿ, ಬೇರೊಂದು ಸಂಗ್ರಹಕ್ಕೆ ತುಂಬುವುದು ಹಳೆಯ ಮತ್ತು ಈಗಲೂ ಪ್ರಚಲಿತವಾದ ಕ್ರಮ. ಇದು ಸಾಮಾನ್ಯವಾಗಿ ನಿಗದಿತ ವೇಳೆಯಲ್ಲಿ, ಬಹುತೇಕ ರಾತ್ರಿ, ನಡೆಯುವುದರಿಂದ ಸಂಗ್ರಹದಲ್ಲಿರುವುದು ನಿನ್ನೆಯ ಚಿತ್ರ. ಮೂಲದಲ್ಲಿ ಆದ ಬದಲಾವಣೆಗಳನ್ನು ಮಾತ್ರ ಆಗಿಂದಾಗ್ಗೆ ಹಿಡಿದು ಸಾಗಿಸುವುದು ಎರಡನೆಯದು. ಮಾಹಿತಿಯನ್ನು ಅಲ್ಲಲ್ಲೇ ಬಿಟ್ಟು ಪ್ರಶ್ನೆ ಬಂದಾಗ ಎಲ್ಲ ಮೂಲಗಳನ್ನೂ ವಿಚಾರಿಸುವುದು ಮೂರನೆಯದು. ಪೋಸ್ಟ್‌ಗ್ರೆಸ್‌ನಲ್ಲಿ ಪರಕೀಯ ದತ್ತಾಂಶವನ್ನು ತನ್ನದೇ ಕೋಷ್ಟಕವೆಂಬಂತೆ ತೋರಿಸುವ ಸೌಲಭ್ಯ ಇದಕ್ಕೆ ಉದಾಹರಣೆ.

ಈ ಮೂರರಲ್ಲೂ ಚಾಲಕಗಳು ಮೂಲ ದತ್ತಸಂಚಯವನ್ನು ನೇರವಾಗಿ ಮುಟ್ಟುವುದುಂಟು. ಒಂದೇ ಸಂಸ್ಥೆಯೊಳಗೆ ಇದು ಸರಿಯಾದರೂ, ಇಲಾಖೆಗಳ ನಡುವೆ ಅಪಾಯಕಾರಿ. ನೇರ ಸಂಪರ್ಕ ನೀಡಿದ ಇಲಾಖೆಯು ತನ್ನ ಕೋಷ್ಟಕದಲ್ಲಿ ಒಂದು ಅಂಕಣದ ಹೆಸರನ್ನು ಬದಲಿಸಿದರೂ ಇನ್ನೊಂದು ಇಲಾಖೆಯ ತಂತ್ರಾಂಶ ಕುಸಿಯುತ್ತದೆ. ಆದುದರಿಂದ ಅಂತರ-ಇಲಾಖಾ ವಿನಿಮಯಕ್ಕೆ ಜಾಲಸೇವೆಗಳೇ ಯೋಗ್ಯ. ಇಲ್ಲಿ ಪ್ರತಿ ಇಲಾಖೆಯ ಚಾಲಕವು ತನ್ನ ದತ್ತಸಂಚಯವನ್ನು ಮಾತ್ರ ಓದುತ್ತದೆ. ಹೊರಗಿನವರಿಗೆ ಒಪ್ಪಿದ ನಮೂನೆಯ ಉತ್ತರ ಮಾತ್ರ ದೊರೆಯುತ್ತದೆ.

ಕರ್ನಾಟಕದ ಭೂದಾಖಲೆಗಳು

ಕರ್ನಾಟಕದ ‘ಭೂಮಿ’ ಯೋಜನೆಯು ದತ್ತಾಂಶ ಏಕೀಕರಣದ ಅಧ್ಯಯನಕ್ಕೆ ಒಳ್ಳೆಯ ನಿದರ್ಶನ. ಗ್ರಾಮ ಲೆಕ್ಕಿಗರ ಬಳಿ ಇರುತ್ತಿದ್ದ ಕೈಬರಹದ ಪಹಣಿಗಳನ್ನು ಗಣಕಕ್ಕೆ ತರುವ ಈ ಯೋಜನೆಯನ್ನು ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ತಾಂತ್ರಿಕ ನೆರವಿನಿಂದ ಕೈಗೊಂಡಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತವಾದವು. 2002ರ ವೇಳೆಗೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತಾಯಿತು. ಆರಂಭದಲ್ಲಿ ದತ್ತಸಂಚಯಗಳು ತಾಲ್ಲೂಕು ಕಚೇರಿಗಳಲ್ಲೇ ಇದ್ದವು. ಬದಲಾವಣೆ ಮಾಡುವ ಅಧಿಕಾರಿಯ ಗುರುತನ್ನು ಬೆರಳಚ್ಚಿನಿಂದ ಖಚಿತಪಡಿಸಿಕೊಳ್ಳುವ ವ್ಯವಸ್ಥೆಯನ್ನು ಆಗಲೇ ಅಳವಡಿಸಲಾಗಿತ್ತು.

ಉಪನೋಂದಣಿ ಕಚೇರಿಗಳ ‘ಕಾವೇರಿ’ ತಂತ್ರಾಂಶ ಪ್ರತ್ಯೇಕವಾಗಿ ಬೆಳೆಯಿತು. ಜಮೀನು ಮಾರಾಟವಾದಾಗ ಪತ್ರದ ನೋಂದಣಿ ಒಂದು ಇಲಾಖೆಯಲ್ಲಿ, ಪಹಣಿಯ 9ನೆಯ ಅಂಕಣದಲ್ಲಿ ಹೆಸರು ಬದಲಾಗುವುದು ಇನ್ನೊಂದು ಇಲಾಖೆಯಲ್ಲಿ. ಎರಡರ ನಡುವೆ ‘ಜೆ ಸ್ಲಿಪ್’ ಎಂಬ ಕಾಗದ ಓಡಾಡುತ್ತಿತ್ತು. ಅದು ತಲುಪುವುದು ತಡವಾದರೆ ಮಾರಿದವರ ಹೆಸರೇ ಪಹಣಿಯಲ್ಲಿ ಉಳಿದು, ಅದೇ ಜಮೀನು ಮತ್ತೊಬ್ಬರಿಗೆ ಮಾರಾಟವಾಗುವ ಅಥವಾ ಸಾಲಕ್ಕೆ ಆಧಾರವಾಗುವ ಅವಕಾಶವಿತ್ತು. ಭೂಮಿ ಮತ್ತು ಕಾವೇರಿ ಜೋಡಣೆಗೊಂಡ ಬಳಿಕ ಈ ಸೂಚನೆ ವಿದ್ಯುನ್ಮಾನ ರೂಪದಲ್ಲಿ ಸಾಗುತ್ತದೆ. ನೋಂದಣಿಯ ಸಮಯದಲ್ಲೇ ಮಾರುವವರ ಹೆಸರು ಪಹಣಿಯಲ್ಲಿದೆಯೇ ಎಂದು ಪರಿಶೀಲಿಸಬಹುದಾಗಿದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಮಾರುವಾಗ ಬೇಕಾಗುವ 11ಇ ನಕ್ಷೆಯನ್ನು ಭೂಮಾಪನ ಇಲಾಖೆಯ ‘ಮೋಜಿಣಿ’ ಒದಗಿಸುತ್ತದೆ. ಗ್ರಾಮ ಪಂಚಾಯಿತಿಯ ಆಸ್ತಿಗಳಿಗೆ ‘ಇ-ಸ್ವತ್ತು’ ಇದೆ. ನೋಂದಣಿ ತಂತ್ರಾಂಶದ ಹೊಸ ಆವೃತ್ತಿ ಕಾವೇರಿ 2.0 ಅನ್ನು 2023ರಲ್ಲಿ ಜಾರಿಗೆ ತರಲಾಯಿತು.

ಇಂತಹ ಜೋಡಣೆಯಲ್ಲಿ ಜಾಲ ಕಡಿತವನ್ನು ಮೊದಲೇ ನಿರೀಕ್ಷಿಸಿ ಯೋಜಿಸಬೇಕಾಗುತ್ತದೆ. ನೋಂದಣಿ ಮುಗಿದು ಸೂಚನೆ ಹೊರಟ ಕ್ಷಣದಲ್ಲಿ ಸಂಪರ್ಕ ಕಡಿದರೆ, ಕಳುಹಿಸಿದವರಿಗೆ ಅದು ತಲುಪಿತೋ ಇಲ್ಲವೋ ತಿಳಿಯದು. ಮತ್ತೆ ಕಳುಹಿಸದಿದ್ದರೆ ಖಾತೆ ಬದಲಾವಣೆ ಆಗುವುದಿಲ್ಲ. ಕಳುಹಿಸಿದರೆ ಒಂದೇ ಪತ್ರಕ್ಕೆ ಎರಡು ಮ್ಯುಟೇಶನ್ ತೆರೆಯಬಹುದು. ಪ್ರತಿ ಸೂಚನೆಗೂ ಬದಲಾಗದ ಸಂಖ್ಯೆಯೊಂದನ್ನು ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಸ್ವೀಕರಿಸುವ ತಂತ್ರಾಂಶವು ಹೊಸ ದಾಖಲೆ ತೆರೆಯದೆ ಹಳೆಯ ಉತ್ತರವನ್ನೇ ಮರಳಿಸುವಂತೆ ಮಾಡುವುದು ಇದಕ್ಕೆ ಪರೀಕ್ಷಿತ ಉಪಾಯ. ಮಳೆಗಾಲದಲ್ಲಿ ವಿದ್ಯುತ್ತೂ ಜಾಲವೂ ಪದೇ ಪದೇ ಕೈಕೊಡುವ ಮಲೆನಾಡಿನಲ್ಲಿ ಇದು ಅಲಂಕಾರಿಕ ಸೌಲಭ್ಯವಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ: ಹೊಂದಾಣಿಕೆಯ ನಿದರ್ಶನಗಳು

ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲ್ಲೂಕುಗಳ ದಾಖಲೆಗಳನ್ನು ಒಂದೆಡೆ ತರುವ ತಂತ್ರಾಂಶವು ಎದುರಿಸುವ ಪ್ರಶ್ನೆಗಳು ಏಕೀಕರಣದ ಬಹುತೇಕ ಸಮಸ್ಯೆಗಳನ್ನು ಒಳಗೊಂಡಿವೆ.

ಮೊದಲನೆಯದು ಸ್ಥಳನಾಮ. ಜಿಲ್ಲೆಯ ಹೆಸರಿನ ರೋಮನ್ ಬರಹ 2014ರ ನವೆಂಬರ್ 1ರಿಂದ ಬದಲಾಯಿತು. ಹಳೆಯ ದತ್ತಸಂಚಯಗಳಲ್ಲಿ ‘ಶಿಮೊಗ’ ಎಂಬ ರೂಪ ಉಳಿದಿದೆ. ತೀರ್ಥಹಳ್ಳಿಯನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ಮೊದಲಕ್ಷರದ ಬಳಿಕ ‘ಎಚ್’ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಸಾಗರವೆಂಬ ಹೆಸರಿನ ಜಿಲ್ಲಾಕೇಂದ್ರ ಮಧ್ಯಪ್ರದೇಶದಲ್ಲಿಯೂ ಇದೆ. ಹೋಬಳಿಯ ಮಟ್ಟಕ್ಕೆ ಇಳಿದರೆ ಗೊಂದಲ ಇನ್ನೂ ಸ್ಪಷ್ಟ: ಮೂರೂ ತಾಲ್ಲೂಕುಗಳಲ್ಲಿ ‘ಕಸಬಾ’ ಎಂಬ ಹೋಬಳಿ ಇದೆ. ಹೋಬಳಿಯ ಹೆಸರನ್ನಷ್ಟೇ ಕೀಲಿಯಾಗಿ ಬಳಸಿ ಕೋಷ್ಟಕಗಳನ್ನು ಜೋಡಿಸಿದರೆ ಸಾಗರದ ಕಸಬಾ ಹೋಬಳಿಯ ಸರ್ವೆ ನಂಬರಿಗೆ ತೀರ್ಥಹಳ್ಳಿಯ ಮಾಲೀಕರು ಬಂದು ಕೂರುತ್ತಾರೆ. ಚಾಲಕವು ಯಾವ ದೋಷವನ್ನೂ ವರದಿ ಮಾಡುವುದಿಲ್ಲ, ಏಕೆಂದರೆ ಪ್ರಶ್ನೆ ವ್ಯಾಕರಣಬದ್ಧವಾಗಿಯೇ ಇದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಸಂಯುಕ್ತ ಕೀಲಿ ಅಥವಾ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಸೂಚಿಯ ಸಂಕೇತಸಂಖ್ಯೆ ಇದಕ್ಕೆ ಪರಿಹಾರ.

ಎರಡನೆಯದು ಸರ್ವೆ ನಂಬರ್. ಪಹಣಿಯಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ ಬೇರೆ ಬೇರೆ ಅಂಶಗಳು. ಅವುಗಳನ್ನು ಓರೆಗೆರೆಯಿಂದ ಸೇರಿಸಿ 5/2 ಎಂದು ಎಕ್ಸೆಲ್ ಹಾಳೆಯಲ್ಲಿ ಬೆರಳಚ್ಚು ಮಾಡಿದರೆ ಅದು ತಾನಾಗಿ ದಿನಾಂಕವಾಗಿ ಮಾರ್ಪಡುತ್ತದೆ. ಎಕ್ಸೆಲ್ ಕಡತವನ್ನು ಓದುವ ಮೈಕ್ರೋಸಾಫ್ಟ್ ಚಾಲಕಗಳದ್ದು ಇನ್ನೊಂದು ಸ್ವಭಾವ. ಅವು ಸಾಮಾನ್ಯವಾಗಿ ಮೊದಲ 8 ಸಾಲುಗಳನ್ನು ನೋಡಿ ಅಂಕಣದ ಪ್ರಕಾರವನ್ನು ಊಹಿಸುತ್ತವೆ. ಆ ಎಂಟೂ ಬರಿಯ ಸಂಖ್ಯೆಗಳಾಗಿದ್ದರೆ, ಮುಂದೆ ಬರುವ ‘12/1ಎ’ ಎಂಬ ಪಠ್ಯ ಆ ಪ್ರಕಾರಕ್ಕೆ ಹೊಂದದೆ ಅದರ ಸ್ಥಾನದಲ್ಲಿ ಬರಿದಾದ ಬೆಲೆ ಮರಳುತ್ತದೆ. ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಹಿಸ್ಸಾಗಳಾಗಿ ಒಡೆದ ಜಮೀನುಗಳೇ, ಅಂದರೆ ಅಣ್ಣತಮ್ಮಂದಿರ ಪಾಲಿನ ಸಣ್ಣ ತೋಟಗಳೇ, ಇಂತಹ ಪಟ್ಟಿಯಿಂದ ಮೊದಲು ಕಾಣೆಯಾಗುತ್ತವೆ. ಸರ್ವೆ ನಂಬರಿನ ಅಂಕಣವನ್ನು ಪಠ್ಯವೆಂದೇ ಘೋಷಿಸುವುದು, ಓದಿದ ಮತ್ತು ಸೇರಿಸಿದ ಸಾಲುಗಳಲ್ಲಿ ಬರಿದಾದ ಬೆಲೆಗಳನ್ನು ಎಣಿಸುವುದು ಸರಿಯಾದ ಕ್ರಮ.

ಮೂರನೆಯದಾದ ವಿಸ್ತೀರ್ಣದ ತೊಡಕು ಎಲ್ಲಕ್ಕಿಂತ ಹೆಚ್ಚು ಬೆಲೆ ತೆರಿಸುವಂಥದು. ಪಹಣಿಯಲ್ಲಿ ವಿಸ್ತೀರ್ಣವು ಎಕರೆ, ಗುಂಟೆ, ಆಣೆಗಳಲ್ಲಿರುತ್ತದೆ. 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. 2 ಎಕರೆ 20 ಗುಂಟೆಯನ್ನು 2.20 ಅಥವಾ 2-20 ಎಂದು ಬರೆಯುವುದು ರೂಢಿ. ಇಲ್ಲಿರುವ ಚುಕ್ಕೆ ದಶಮಾಂಶ ಬಿಂದುವಲ್ಲ. ಈ ಅಂಕಣವನ್ನು ಸಂಖ್ಯೆಯೆಂದು ಓದುವ ತಂತ್ರಾಂಶಕ್ಕೆ ಮಾತ್ರ ಅದು 2.20 ಎಕರೆ, ಅಂದರೆ 2 ಎಕರೆ 8 ಗುಂಟೆ. ಹೀಗೆ 12 ಗುಂಟೆ ಕಾಗದದಲ್ಲೇ ಕರಗುತ್ತದೆ. ಸಂಕಲನದಲ್ಲಿ ತಪ್ಪು ಇನ್ನೂ ದೊಡ್ಡದಾಗುತ್ತದೆ. 1 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿದರೆ 3 ಎಕರೆ 10 ಗುಂಟೆ. ದಶಮಾಂಶವಾಗಿ ಕೂಡಿಸಿದ ಗಣಕ 2.50 ಎನ್ನುತ್ತದೆ. ಅದನ್ನು ಎರಡೂವರೆ ಎಕರೆಯೆಂದೇ ಓದಿದರೂ 30 ಗುಂಟೆ ಕಡಿಮೆ. ಸಂಖ್ಯೆಯಾಗಿ ಸಂಗ್ರಹವಾದ 2.20 ಕೊನೆಯ ಸೊನ್ನೆ ಕಳೆದುಕೊಂಡು 2.2 ಆಗಿ ಹಿಂದಿರುಗಿದಾಗ ಅದು 20 ಗುಂಟೆಯೋ 2 ಗುಂಟೆಯೋ ಎಂಬ ಅನುಮಾನವೂ ಹುಟ್ಟುತ್ತದೆ. ಪರಿಹಾರಧನ, ವಿಮೆ, ಸಹಾಯಧನಗಳನ್ನು ವಿಸ್ತೀರ್ಣಕ್ಕೆ ತಕ್ಕಂತೆ ಲೆಕ್ಕ ಹಾಕುವುದರಿಂದ, ಸಣ್ಣ ಹಿಡುವಳಿಯ ತೋಟಗಾರರಿಗೆ ಈ ವ್ಯತ್ಯಾಸ ನೇರ ನಷ್ಟವಾಗಿ ಪರಿಣಮಿಸುತ್ತದೆ. ಎಲ್ಲ ವಿಸ್ತೀರ್ಣವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ಟುಕೊಂಡು (2 ಎಕರೆ 20 ಗುಂಟೆ ಎಂದರೆ 1600 ಆಣೆ), ತೋರಿಸುವಾಗ ಮಾತ್ರ ಎಕರೆಗೋ ಹೆಕ್ಟೇರಿಗೋ ಪರಿವರ್ತಿಸುವುದು ಸುರಕ್ಷಿತ.

ನಾಲ್ಕನೆಯದು ವ್ಯಕ್ತಿನಾಮ. ಪಹಣಿಯಲ್ಲಿ ಹೆಸರುಗಳು ‘ಮಂಜಪ್ಪ ಬಿನ್ ತಿಮ್ಮಪ್ಪ’, ‘ಗೌರಮ್ಮ ಕೋಂ ರಾಮಪ್ಪ’ ಎಂಬ ಕಂದಾಯ ಶೈಲಿಯಲ್ಲಿರುತ್ತವೆ. ಆಧಾರ್‌ನಲ್ಲಿ ಅದೇ ವ್ಯಕ್ತಿ ತಂದೆಯ ಹೆಸರಿನ ಮೊದಲಕ್ಷರವನ್ನು ಹೊತ್ತಿರಬಹುದು, ಬ್ಯಾಂಕಿನ ಪುಸ್ತಕದಲ್ಲಿ ಮನೆತನದ ಹೆಸರನ್ನು ಹೊತ್ತಿರಬಹುದು. ಅಕ್ಷರ ಹೋಲಿಕೆಯ ಯಾವ ಸೂತ್ರವೂ ಇವನ್ನು ನಿಸ್ಸಂದೇಹವಾಗಿ ಕೂಡಿಸಲಾರದು. ಕರ್ನಾಟಕದ ‘ಫ್ರೂಟ್ಸ್’ ತಂತ್ರಾಂಶವು ರೈತರ ಆಧಾರ್, ಬ್ಯಾಂಕ್ ಖಾತೆ ಮತ್ತು ಭೂಮಿ ದತ್ತಸಂಚಯದಲ್ಲಿರುವ ಹಿಡುವಳಿಗಳನ್ನು ಒಮ್ಮೆ ಪರಿಶೀಲಿಸಿ ಜೋಡಿಸಿ, ಪ್ರತಿ ರೈತರಿಗೂ ಎಫ್‌ಐಡಿ ಎಂಬ ಗುರುತಿನ ಸಂಖ್ಯೆಯನ್ನು ನೀಡುತ್ತದೆ. ಬಳಿಕದ ಜೋಡಣೆಗಳು ಹೆಸರಿನ ಬದಲು ಈ ಸಂಖ್ಯೆಯನ್ನು ಅವಲಂಬಿಸಬಹುದು. ಆದರೆ ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿರುವ ಕುಟುಂಬಗಳಿಗೆ ಪೌತಿ ಖಾತೆ ಆಗುವವರೆಗೆ ಯಾವ ಸಂಖ್ಯೆಯೂ ನೆರವಾಗುವುದಿಲ್ಲ. ಅದು ತಂತ್ರಾಂಶದ ಕೈಯಲ್ಲಿರುವ ವಿಷಯವಲ್ಲ.

ಬೆಳೆ ವಿಮೆ

ಮೇಲಿನ ಎಲ್ಲ ಎಳೆಗಳೂ ಕೂಡುವ ಸ್ಥಳ ಬೆಳೆ ವಿಮೆ. ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯ ಪರಿಷ್ಕೃತ ರೂಪ 2016ರಲ್ಲಿ ಜಾರಿಗೆ ಬಂದಿತು. ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆ ಮತ್ತು ಕಾಳುಮೆಣಸು ಇದರ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ತೋಟಕ್ಕೆ ಹೋಗಿ ಕೊಳೆರೋಗದ ನಷ್ಟವನ್ನು ಅಳೆಯುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪನ ಕೇಂದ್ರದ ದತ್ತಾಂಶವೇ ಪರಿಹಾರವನ್ನು ನಿರ್ಧರಿಸುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂತಹ ಘಟ್ಟದಂಚಿನ ಸ್ಥಳಗಳಲ್ಲಿ ಬೀಳುವ ಮಳೆಗೂ ಅದೇ ತಾಲ್ಲೂಕುಗಳ ಪೂರ್ವಭಾಗದ ಮಳೆಗೂ ಅಗಾಧ ಅಂತರವಿರುವುದರಿಂದ, ಒಂದು ಸರ್ವೆ ನಂಬರ್ ಯಾವ ಪಂಚಾಯಿತಿಗೆ ಸೇರಿದೆ ಎಂಬ ಜೋಡಣೆ ತಪ್ಪಿದರೆ ಪರಿಹಾರದ ಮೊತ್ತವೇ ಬೇರೆಯಾಗುತ್ತದೆ. ಕಂದಾಯ ಗ್ರಾಮ ಮತ್ತು ಗ್ರಾಮ ಪಂಚಾಯಿತಿಗಳು ಎರಡು ಭಿನ್ನ ಆಡಳಿತ ವಿಭಾಗಗಳಾದುದರಿಂದ ಈ ಜೋಡಣೆಗೆ ಪ್ರತ್ಯೇಕ ಹೊಂದಾಣಿಕೆ ಕೋಷ್ಟಕ ಬೇಕು.

ಇದರೊಡನೆ ಬೆಳೆ ಸಮೀಕ್ಷೆಯೂ ಸೇರುತ್ತದೆ. ಮೊಬೈಲ್ ಆ್ಯಪ್ ಮೂಲಕ ಪ್ರತಿ ಸರ್ವೆ ನಂಬರಿನ ಬೆಳೆಯನ್ನು ಛಾಯಾಚಿತ್ರ ಸಹಿತ ದಾಖಲಿಸುವ ಈ ವ್ಯವಸ್ಥೆಯಲ್ಲಿ 2020ರಿಂದ ರೈತರೇ ಸ್ವತಃ ಮಾಹಿತಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ವಿಮೆಗೆ ನೋಂದಾಯಿಸಿದ ಬೆಳೆ ಅಡಿಕೆಯಾಗಿದ್ದು ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಭತ್ತ ಎಂದು ದಾಖಲಾಗಿದ್ದರೆ ಅರ್ಜಿ ತಡೆಹಿಡಿಯಲ್ಪಡಬಹುದು. ಮಲೆನಾಡಿನಲ್ಲಿ ಗದ್ದೆಯ ಪಕ್ಕದಲ್ಲೇ ತೋಟ, ತೋಟದೊಳಗೇ ಕಾಳುಮೆಣಸು, ಏಲಕ್ಕಿ, ಬಾಳೆ ಇರುವುದು ಸಾಮಾನ್ಯ. ಒಂದು ಸರ್ವೆ ನಂಬರಿಗೆ ಒಂದೇ ಬೆಳೆ ಎಂದು ಭಾವಿಸಿ ರಚಿಸಿದ ಕೋಷ್ಟಕವು ಇಲ್ಲಿ ಮೊದಲ ದಿನವೇ ಸೋಲುತ್ತದೆ. ಬೆಳೆ ಮತ್ತು ಅದರ ವಿಸ್ತೀರ್ಣಕ್ಕೆ ಪ್ರತ್ಯೇಕ ಸಾಲುಗಳಿರುವ ರಚನೆ ಅಗತ್ಯ.

ಅಡಿಕೆ ಧಾರಣೆ

ಮಾರುಕಟ್ಟೆ ದತ್ತಾಂಶದಲ್ಲಿ ಪದಕೋಶದ ಹೊಂದಾಣಿಕೆ ಮುಖ್ಯವಾಗುತ್ತದೆ. ಕೃಷಿ ಉತ್ಪನ್ನ ಮಾರುಕಟ್ಟೆಗಳ ದೈನಿಕ ವರದಿಗಳಲ್ಲಿ ಸಾಗರದ ಅಡಿಕೆಯು ರಾಶಿ, ಚಾಲಿ, ಕೆಂಪುಗೋಟು, ಬಿಳಿಗೋಟು, ಸಿಪ್ಪೆಗೋಟು, ಕೋಕಾ ಎಂಬ ಹೆಸರುಗಳಲ್ಲಿಯೂ ತೀರ್ಥಹಳ್ಳಿಯದು ಸರಕು, ಬೆಟ್ಟೆ, ಇಡಿ, ರಾಶಿ, ಗೊರಬಲು ಎಂಬ ಹೆಸರುಗಳಲ್ಲಿಯೂ ಪ್ರಕಟವಾಗುತ್ತದೆ. ಹೊಸನಗರದಲ್ಲಿ ರಾಶಿ, ಚಾಲಿ, ಕೆಂಪುಗೋಟು ಕಾಣುತ್ತವೆ. ಮೂರರಲ್ಲೂ ಸಮಾನವಾದುದು ರಾಶಿ ಒಂದೇ. ಚಾಲಿಯು ಹಣ್ಣಾದ ಅಡಿಕೆಯನ್ನು ಒಣಗಿಸಿ ಸುಲಿದದ್ದು. ರಾಶಿ, ಬೆಟ್ಟೆ, ಸರಕುಗಳು ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದ ಕೆಂಪಡಿಕೆಯ ವರ್ಗಕ್ಕೆ ಸೇರುತ್ತವೆ. ಎಲ್ಲವನ್ನೂ ‘ಅಡಿಕೆ’ ಎಂಬ ಒಂದೇ ಶೀರ್ಷಿಕೆಯಡಿ ಸರಾಸರಿ ಮಾಡಿದರೆ ಬರುವ ಧಾರಣೆ ಯಾವ ಮಂಡಿಯಲ್ಲೂ ಯಾರಿಗೂ ಸಿಗದ ಧಾರಣೆ.

ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು 2014ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ನಿರ್ವಹಿಸಿತು. ಕೇಂದ್ರ ಸರ್ಕಾರದ ಇ-ನಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. ಇಂತಹ ಎರಡು ವೇದಿಕೆಗಳನ್ನು ಹೊಂದಿಸುವಾಗ ಪ್ರತಿ ಮಾರುಕಟ್ಟೆಯ ಸ್ಥಳೀಯ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಅದರ ಪಕ್ಕದಲ್ಲಿ ಸಾಮಾನ್ಯ ವರ್ಗದ ಸಂಕೇತವನ್ನು ಇಡುವುದು ವಿಹಿತ. ಸ್ಥಳೀಯ ಹೆಸರನ್ನು ಅಳಿಸಿ ಸಂಕೇತವನ್ನಷ್ಟೇ ಉಳಿಸಿದರೆ ಹೊಂದಾಣಿಕೆಯಲ್ಲಾದ ತಪ್ಪನ್ನು ಮುಂದೆ ಪತ್ತೆಹಚ್ಚಲು ಸಾಧ್ಯವಾಗುವುದಿಲ್ಲ.

ಭದ್ರತೆ

ಬಳಕೆದಾರರು ಬೆರಳಚ್ಚಿಸಿದ ಪಠ್ಯವನ್ನು ನೇರವಾಗಿ ಎಸ್‌ಕ್ಯೂಎಲ್ ವಾಕ್ಯಕ್ಕೆ ಅಂಟಿಸುವುದು ಅಪಾಯಕರ. ಸರ್ವೆ ನಂಬರ್ ಕೇಳುವ ಚೌಕದಲ್ಲಿ ಸಂಖ್ಯೆಯ ಬದಲು ಎಸ್‌ಕ್ಯೂಎಲ್ ತುಣುಕನ್ನು ಬರೆದು ಇಡೀ ಕೋಷ್ಟಕವನ್ನು ಓದಬಹುದು, ಅಳಿಸಲೂಬಹುದು. ವಾಕ್ಯವನ್ನು ಮೊದಲೇ ಸಿದ್ಧಪಡಿಸಿ ಬೆಲೆಗಳನ್ನು ಪ್ರತ್ಯೇಕವಾಗಿ ಒಪ್ಪಿಸುವ ಸೌಲಭ್ಯ ಒಡಿಬಿಸಿ, ಜೆಡಿಬಿಸಿ ಎರಡರಲ್ಲೂ ಇದೆ. ಆಗ ಬೆಲೆಯು ಎಂದಿಗೂ ಆಜ್ಞೆಯಾಗುವುದಿಲ್ಲ. ಸಂಪರ್ಕ ಪಂಕ್ತಿಯ ಗುಪ್ತಪದವನ್ನು ಮೂಲ ಸಂಕೇತದಲ್ಲಿ ಬರೆದಿಡಬಾರದು. ವರದಿ ತಯಾರಿಸುವ ತಂತ್ರಾಂಶಕ್ಕೆ ಓದುವ ಅನುಮತಿ ಮಾತ್ರ ಇರಬೇಕು. ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಒಳಗೊಂಡ ಏಕೀಕರಣಗಳಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಪ್ರಸ್ತುತವಾಗುತ್ತದೆ. ಪಹಣಿ ಸಾರ್ವಜನಿಕ ದಾಖಲೆ. ಅದರೊಡನೆ ಜೋಡಣೆಗೊಂಡ ಖಾತೆಸಂಖ್ಯೆ ಸಾರ್ವಜನಿಕವಲ್ಲ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಇಟ್ಟ ತಂತ್ರಾಂಶದಲ್ಲಿ ಪಹಣಿಯನ್ನು ಓದಲು ಕೊಟ್ಟ ಅನುಮತಿಯೇ ಖಾತೆಯನ್ನೂ ತೆರೆದು ತೋರಿಸುತ್ತದೆ.